ಹಾಜರಿ

ಮತ ಎಣಿಕೆ ನಿಂತ ಮಾರನೆಯ ದಿನ
ನಮ್ಮ ಅಡುಗೆಮನೆಯಲ್ಲಿ ಮುದ್ದೆಯ ಎಣಿಕೆ ಶುರುವಾಯಿತು.
ಮೂವತ್ತೊಂದು ತಟ್ಟೆ, ಒಂದೂವರೆ ಚೀಲ ಮೆಕ್ಕೆಜೋಳದ ಹಿಟ್ಟು,
ಸೀಮೆಎಣ್ಣೆ ಡಬ್ಬಿಯ ತಳದಲ್ಲಿ ಎರಡು ಬೆರಳಷ್ಟು.
"ಇನ್ನು ಮೇಲೆ ಉಗಾಲಿ ತೆಳ್ಳಗೆ," ಎಂದಳು ಮಾಮಾ ಕೆರುಬೊ,
"ತೀರಾ ತೆಳ್ಳಗಾದರೆ ಗಂಜಿ ಎಂದು ಕರೆಯಿರಿ, ಮುಗಿಯಿತು."

ಕರೆಯುವುದರಲ್ಲೇ ಎಲ್ಲ ಇತ್ತು ಆ ವಾರ, ನಕೂರಿನಲ್ಲಿ.
ರಸ್ತೆಗೆ ಅಡ್ಡ ಕಲ್ಲು ಪೇರಿಸಿದವರು
ಮಟಾಟು ನಿಲ್ಲಿಸಿ ಗುರುತಿನ ಚೀಟಿ ಕೇಳುತ್ತಿದ್ದರು.
ಮುಖ ನೋಡುತ್ತಿರಲಿಲ್ಲ, ಕೊನೆಯ ಹೆಸರು ಓದುತ್ತಿದ್ದರು.
ಹಾಲಿನವನು ಬರಲಿಲ್ಲ.
ಅವನಿಗೂ ಒಂದು ಕೊನೆಯ ಹೆಸರಿತ್ತು.

ನನಗಾಗ ಹನ್ನೊಂದು. ನಾನು ಅಕೆಯೊ.
ಪಕ್ಕದ ಹಾಸಿಗೆ ನ್ಯೊಕಾಬಿಯದು,
ಮೇಲಿನದು ಜೆಪ್ಕೊಸ್ಗೇಯದು, ರಾತ್ರಿಯಿಡೀ ಹಲ್ಲು ಕಡಿಯುವವಳು.
ನಮ್ಮ ಜಗಳವೆಲ್ಲ ಸೋಪಿನ ಚೂರಿಗೆ, ಕಿಟಕಿ ಬದಿಯ ಜಾಗಕ್ಕೆ.
ಅದಕ್ಕಿಂತ ಹಳೆಯ ಜಗಳವೊಂದನ್ನು
ನಾವು ಹುಟ್ಟುವ ಮೊದಲೇ ನಮ್ಮ ಹೆಸರಿಗೆ ಬರೆದಿಟ್ಟಿದ್ದಾರೆಂದು
ರೇಡಿಯೊ ಹೇಳಿತು.
ಮಾಮಾ ಅದರ ಕಿವಿ ಹಿಂಡಿದಳು.

ಆ ರಾತ್ರಿ ಹಾಜರಿ ಪುಸ್ತಕ ತೆಗೆದು
ಸಮವಸ್ತ್ರ ಹೊಲಿಯುವ ಕತ್ತರಿಯಿಂದ
ಒಂದೊಂದೇ ಹಾಳೆಯ ಬಲಬದಿಯನ್ನು ಉದ್ದಕ್ಕೆ ಕೊಯ್ದಳು,
ಹುರುಳಿಕಾಯಿಯ ನಾರು ತೆಗೆದ ಹಾಗೆ.
ಅಪ್ಪನ ಹೆಸರಿದ್ದ ಬದಿ, ಊರಿದ್ದ ಬದಿ.
ಎಡಕ್ಕೆ ಉಳಿದದ್ದು ಚರ್ಚು ಕೊಟ್ಟ ಹೆಸರುಗಳು:
ಡಾರ್ಕಸ್, ಯೂನಿಸ್, ಸಲೋಮಿ, ಹೆಜ್ರೋನ್.
"ನಾಳೆಯಿಂದ ಇಷ್ಟೇ. ಬೇರೆ ಹೆಸರಿಗೆ ಓಗೊಟ್ಟವರಿಗೆ ಬೆನ್ನು ಬಿಸಿ."
ಇದ್ದಲು ತೇವವಾಗಿತ್ತು, ಪಟ್ಟಿಗಳನ್ನು ಒಲೆಗೆ ತುರುಕಿದಳು.
ನಮ್ಮ ಅಪ್ಪಂದಿರು ಚೆನ್ನಾಗಿ ಉರಿದರು.
ಚಹಾ ಕಾಯಿತು. ಸಕ್ಕರೆ ಇರಲಿಲ್ಲ.

ಎಲ್ಲರಿಗಿಂತ ಚಿಕ್ಕವನ ಸಾಲಿನಲ್ಲಿ ಕೊಯ್ಯಲು ಏನೂ ಇರಲಿಲ್ಲ.
ಮಟಾಟು ನಿಲ್ದಾಣದ ಬೆಂಚಿನ ಕೆಳಗೆ
ಈರುಳ್ಳಿ ಚೀಲದಲ್ಲಿ ಸಿಕ್ಕವನು. ಅದಕ್ಕೇ ಕಿಟುವೊ. ನಿಲ್ದಾಣ.
ಮಳೆಯ ಸಂಜೆಗಳಲ್ಲಿ ಅವನನ್ನು ನಾವು ಪಾಲು ಮಾಡಿಕೊಳ್ಳುತ್ತಿದ್ದೆವು:
ಈ ಮೂಗು ನಮ್ಮವರದು, ಈ ಓಟ ನಮ್ಮವರದು,
ಈ ರಚ್ಚೆ ಮಾತ್ರ ಯಾರಿಗೂ ಬೇಡ, ಮಾಮಾಗಿರಲಿ.
ಅವನು ಕೇಕೆ ಹಾಕಿ ನಗುತ್ತಿದ್ದ,
ಪಾಲಾಗುವುದು ಒಂದು ಆಟವೆಂದುಕೊಂಡು.

ಗುರುವಾರ ಬಂದರು.
ಗೇಟಿನಲ್ಲಿ ಮುದುಕ ಲೆಮಯಾನ್, ಕೈಯಲ್ಲಿ ದನ ಕಾಯುವ ಕೋಲು.
ಅದು ಅದುವರೆಗೆ ಬೆಣ್ಣೆಹಣ್ಣು ಬಿಟ್ಟು ಬೇರೇನನ್ನೂ ಹೊಡೆದಿರಲಿಲ್ಲ.
ಮುರಿದ ಸದ್ದು ಒಳಗಿನವರೆಗೆ ಕೇಳಿಸಿತು.
ಒಬ್ಬ ಪುಸ್ತಕದ ಮೇಲೆ ಬೆರಳೋಡಿಸಿದ,
ಬೆರಳು ಅರ್ಧ ಹಾಳೆ ದಾಟಿ ಗಾಳಿಗೆ ಬಿತ್ತು.
"ಇವನು ಯಾರವನು?" ಎಂದ, ಕಿಟುವೊನತ್ತ ಗಲ್ಲ ಚಾಚಿ.
"ನನ್ನ ತಮ್ಮ," ಎಂದಳು ಹಲ್ಲು ಕಡಿಯುವವಳು.
"ನನ್ನ ತಮ್ಮ," ಎಂದಳು ನ್ಯೊಕಾಬಿ, ಅದೇ ಉಸಿರಿಗೆ.
ನಾನೂ ಅಂದೆ. ತಡವಾಗಿ ಅಂದೆ.
ಅದನ್ನು ಯಾರಿಗೂ ಹೇಳಿಲ್ಲ.

ಅವರು ಹಿಟ್ಟಿನ ಚೀಲ ಹೊತ್ತುಕೊಂಡು ಹೋದರು.
ಚೀಲದ ಮೂಲೆ ಹರಿದಿತ್ತು, ಅಂಗಳದುದ್ದಕ್ಕೂ ಬಿಳಿಯ ಗೆರೆ.
ಕೊನೆಯವನೊಬ್ಬ ತಿರುಗಿ ಬಂದು
ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ,
ಮಕ್ಕಳು ಮಲಗಿರುವ ಮನೆಯಿಂದ ಹೊರಡುವವನಂತೆ.
ಆ ಗೆರೆಯನ್ನು ನಾವು ಕೈಯಲ್ಲಿ ಬಳಿದು, ಜರಡಿ ಹಿಡಿದು, ಬೇಯಿಸಿದೆವು.
ಮೂರು ದಿನ ಹಲ್ಲಿಗೆ ಮಣ್ಣು ಸಿಕ್ಕಿತು.
ಲೆಮಯಾನ್ ಆಮೇಲೆ ಎಡಗೈಯಲ್ಲಿ ಉಣ್ಣುತ್ತಿದ್ದ.

ಈಗ ಕಿಟುವೊಗೆ ಹದಿನೆಂಟು. ಬಾಗಿಲಿಗೆ ತಲೆ ತಾಗುತ್ತದೆ.
ಗುರುತಿನ ಚೀಟಿಯ ಕಚೇರಿಗೆ ಹಳೆಯ ಪುಸ್ತಕ ಹೊತ್ತು ನಾನೂ ಹೋಗಿದ್ದೆ.
"ಅರ್ಧ ಎಲ್ಲಿ? ಇಲಿ ತಿಂದಿತೇ?" ಎಂದ ಗುಮಾಸ್ತ.
"ತಂದೆ? ತಾತ? ಹಳ್ಳಿ? ಕುಲ?"
ಪೆನ್ನಿನ ತುದಿಯಿಂದ ಮೇಜು ಕುಟ್ಟಿದ.
ನನ್ನ ಅಪ್ಪನ ಹೆಸರು ನನಗೆ ಚೆನ್ನಾಗಿ ನೆನಪಿದೆ,
ಕೊಟ್ಟುಬಿಡಲೇ ಎಂದು ಬಾಯಿ ತೆರೆದೆ.
ಅಷ್ಟರಲ್ಲಿ ಕಿಟುವೊ ನನ್ನ ಕಡೆ ಬಾಗಿ
ಪಿಸುದನಿಯಲ್ಲಿ ಕೇಳಿದ:
"ಅಕ್ಕಾ, ಮೂಗು ಯಾರದು ಅಂದಿದ್ದಿರಿ?"